ಯಾವ ಕೆನ್ನೆ

ಪೆನ್ಸಿಲ್ ಮಾಸ್ತರರ ಮದುವೆಯ ಕತೆ ಕೇಳದ ನೆಂಟರೇ ಇಲ್ಲ. ಕೇಳಿ ಕೇಳಿ ಕಿವಿ ತೂತಾಗಿದ್ದರೂ ಸಾಕು ಅಂದವರಿಲ್ಲ, ಅವರು ಹೇಳುತ್ತಿದ್ದ ಧಾಟಿಯೇ ಅಂಥದ್ದು. ಯಾರ ಮನೆಯಲ್ಲಾದರೂ ನಾಲ್ಕು ಜನ ಸೇರಿ, ಊಟ ಮುಗಿಸಿ ಕೈ ತೊಳೆದು ಕೂತರೆಂದರೆ ಒಬ್ಬರಲ್ಲ ಒಬ್ಬರು ಕೆಣಕುತ್ತಿದ್ದರು. "ಮಾಸ್ತರೇ, ಆ ನಿಮ್ಮ ಮದುವೆ ಫೋಟೋದ್ದು ಏನೋ ಇದೆಯಲ್ಲ, ಏನದು?" ಮಾಸ್ತರರು ಬೇಡ ಬೇಡ ಅನ್ನುತ್ತಲೇ ಕಾಲು ಮಡಚಿಕೊಂಡು ಸರಿಯಾಗಿ ಕೂರುತ್ತಿದ್ದರು.

ಮಾಸ್ತರರು ಅಂದರೆ ಪಾಠ ಹೇಳುವ ಮಾಸ್ತರರಲ್ಲ. ಫೋಟೋ ಸ್ಟುಡಿಯೋ ಒಂದರ ಹಿಂದಿನ ಕೋಣೆಯಲ್ಲಿ ಕೂತು ನೆಗೆಟಿವ್ ತಿದ್ದುವುದು ಅವರ ಕಸುಬು. ಮೊಡವೆ, ಸಿಡುಬಿನ ಕಲೆ, ಕಣ್ಣ ಕೆಳಗಿನ ಗುಳಿ, ಎಲ್ಲವನ್ನೂ ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ನೆಗೆಟಿವ್ ಮೇಲೇ ಮುಚ್ಚಿಬಿಡುತ್ತಿದ್ದರು. ನೆಗೆಟಿವ್‌ನಲ್ಲಿ ಲೋಕವೇ ಉಲ್ಟಾ. ಕಪ್ಪು ಕೂದಲು ಬಿಳಿ, ಬಿಳಿ ಹಲ್ಲು ಕಪ್ಪು. ಮುಖದ ಮೇಲಿನ ಕಪ್ಪು ಕಲೆ ಅಲ್ಲಿ ಬಿಳಿ ಬೊಟ್ಟಾಗಿ ಕಾಣುತ್ತದೆ. ಅದರ ಮೇಲೆ ಪೆನ್ಸಿಲ್ ಆಡಿಸಿ ಸುತ್ತಲಿನ ಬಣ್ಣಕ್ಕೆ ತಂದರೆ ಮುಗಿಯಿತು, ಅಚ್ಚಾದ ಫೋಟೋದಲ್ಲಿ ಕಲೆ ಮಾಯ. ಸುತ್ತಮುತ್ತಲ ಊರುಗಳ ಸಣ್ಣಪುಟ್ಟ ಸ್ಟುಡಿಯೋದವರೂ ತಮ್ಮ ನೆಗೆಟಿವ್‌ಗಳನ್ನು ಡಬ್ಬಿಯಲ್ಲಿ ತುಂಬಿ ಇವರಿಗೇ ಕಳಿಸುತ್ತಿದ್ದರು.

ಹಾಗೆ ಬಂದ ಡಬ್ಬಿಯೊಂದರಲ್ಲಿ ಒಂದು ಹುಡುಗಿಯ ನೆಗೆಟಿವ್ ಇತ್ತು. ಕೆನ್ನೆಯ ಮೇಲೆ ಹೆಬ್ಬೆರಳಗಲದ ಹುಟ್ಟುಮಚ್ಚೆ. ಮಾಸ್ತರರು ಒಂದು ಮಧ್ಯಾಹ್ನ ಪೂರ್ತಿ ಕೂತು ಅದನ್ನು ಮುಚ್ಚಿ ವಾಪಸು ಕಳಿಸಿದರು, ಮರೆತರು. ಆರು ತಿಂಗಳಾದ ಮೇಲೆ ಸೋದರಮಾವ ಒಂದು ಸಂಬಂಧ ತಂದ, ಜೊತೆಗೆ ಹುಡುಗಿಯ ಫೋಟೋ. ನೋಡಿದರೆ ಮೊಟ್ಟೆಯ ಹಾಗೆ ನುಣುಪಾದ ಮುಖ. ಮಾಸ್ತರರು ಹ್ಞೂಂ ಅಂದರು. ಮದುವೆಯ ದಿನ ಹುಡುಗಿ ತಲೆ ಎತ್ತಿದಳು.

"ಮನೆಗೆ ಬಂದವನೇ ಭೂತಗನ್ನಡಿ ಹಿಡಿದು ಆ ಫೋಟೋ ನೋಡ್ತೀನಿ, ನನ್ನದೇ ಪೆನ್ಸಿಲ್ ಗೀಟು. ಬೇರೆಯವರು ತೋಡಿದ್ದಾಗಿದ್ರೆ ಬೈಬಹುದಿತ್ತು. ನಾನು ತೋಡಿದ ಗುಂಡಿಗೆ ನಾನೇ ಬಿದ್ದೆ ಕಣ್ರೀ, ಅದೂ ಹೊಸ ಬಟ್ಟೆ ಹಾಕ್ಕೊಂಡು."

ಇಲ್ಲಿಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಾಸ್ತರರ ಮನೆಯಲ್ಲೇ ಆದರೆ, ಅಷ್ಟು ಹೊತ್ತಿಗೆ ಅವರ ಹೆಂಡತಿ ಚಹಾದ ಲೋಟಗಳನ್ನು ತಂದಿಟ್ಟು ಒಳಗೆ ಹೋಗುತ್ತಿದ್ದಳು. ಅವಳು ನಕ್ಕಳೋ ಇಲ್ಲವೋ ಯಾರೂ ನೋಡಿದವರಲ್ಲ. ಅಪ್ಪನ ತೊಡೆಯ ಮೇಲೆ ಕೂತಿರುತ್ತಿದ್ದ ಮಗಳಂತೂ ಎಲ್ಲರಿಗಿಂತ ಜೋರಾಗಿ, ಕತೆ ಅರ್ಥವಾಗುವುದಕ್ಕೆ ಮುಂಚಿನಿಂದಲೂ ನಗುತ್ತಿದ್ದಳು.

ಆ ಮಗಳಿಗೆ ಈಗ ನಲವತ್ತಾರು ವರ್ಷ. ಆ ನಗು ನೆನಪಾದಾಗಲೆಲ್ಲ ಅವಳಿಗೆ ಮೈ ಉರಿಯುತ್ತದೆ. ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ವಾರವೆಲ್ಲ ಮಕ್ಕಳ ಕೈಲಿ ಹೂದಾನಿ, ಬಾಳೆಹಣ್ಣು, ಸೂರ್ಯೋದಯ ಬರೆಸಿ, ಭಾನುವಾರ ಒಂದು ದಿನ ತನ್ನ ಪಾಡಿಗೆ ತಾನು ಬರೆಯುತ್ತಾಳೆ. ಎರಡು ಕೋಣೆಯ ಮನೆ. ಮುಂದಿನದರಲ್ಲಿ ಇವಳ ಚಿತ್ರದ ಹಲಗೆ, ಹಿಂದಿನದರಲ್ಲಿ ಅಪ್ಪ. ಅಪ್ಪನ ಕಣ್ಣು ಮಂಜಾಗಿ ಆರು ವರ್ಷದಿಂದ ಇವಳ ಜೊತೆಗೇ ಇದ್ದಾರೆ. ಇಬ್ಬರ ನಡುವೆ ನಡೆಯುವ ಮಾತು ಮಾತ್ರೆ, ಹಾಲು, ಬಾಗಿಲು, ಇಷ್ಟೇ. ಅವಳಿಗೆ ಅಮ್ಮ ಅಂದರೆ ಏಕವಚನ, ಅಪ್ಪ ಅಂದರೆ ಬಹುವಚನ. ಹುಟ್ಟಿದಾರಭ್ಯ ಕಲಿತ ವ್ಯಾಕರಣ ಅದು, ಯಾರು ಎಷ್ಟು ಮರ್ಯಾದೆಗೆ ಅರ್ಹರು ಎಂದು ಅದು ಕೇಳುವುದಿಲ್ಲ.

ಎರಡು ವರ್ಷದ ಹಿಂದೆ ಅಪ್ಪನ ತಗಡಿನ ಪೆಟ್ಟಿಗೆ ಒರೆಸುವಾಗ ಹಳೆಯ ಫೋಟೋಗಳ ಕಟ್ಟು ಸಿಕ್ಕಿತು. ಅವಳು ಒಂದೊಂದನ್ನೇ ತೆಗೆದು, ಮೇಲೆ ಚೌಕದ ಗೆರೆ ಎಳೆದು, ಕ್ಯಾನ್ವಾಸಿಗೆ ಹಿಗ್ಗಿಸಿ ಬರೆಯತೊಡಗಿದಳು. ಬರೆದಂತೆ ಬರೆದಂತೆ, ಬದುಕಿದ್ದಾಗ ಅರ್ಥವಾಗದ ಜನ ಅರ್ಥವಾಗತೊಡಗಿದರು. ಎಲ್ಲರಿಂದಲೂ ಧಾರಾಳಿ ಅನ್ನಿಸಿಕೊಂಡ ಅತ್ತೆ ಪ್ರತಿ ಫೋಟೋದಲ್ಲೂ ಮುಷ್ಟಿ ಬಿಗಿ ಹಿಡಿದೇ ನಿಂತಿದ್ದಳು. ಅಪ್ಪನ ಸೋದರಮಾವ ಯಾರ ಪಕ್ಕದಲ್ಲಿ ನಿಂತರೂ ಒಂದು ಗೇಣು ಮುಂದೆ. ಅಪ್ಪ ಮಾತ್ರ ಎಲ್ಲ ಕಡೆಯೂ ಕ್ಯಾಮೆರಾವನ್ನೇ ಅಳೆಯುತ್ತ, ಬೆಳಕು ಸಾಲದು ಎಂಬಂತೆ ನಿಂತಿದ್ದರು. ಹೀಗೆ ಹನ್ನೊಂದು ಚಿತ್ರ ಮುಗಿದವು. ಹನ್ನೆರಡನೆಯದು ಅಮ್ಮನದು. ಅದನ್ನೇ ಕೊನೆಗೆ ಇಟ್ಟುಕೊಂಡಿದ್ದಳು.

ಅಮ್ಮನ ಫೋಟೋಗಳಿದ್ದದ್ದು ಏಳು. ಏಳೂ ಅಪ್ಪನ ಕೈ ದಾಟಿ ಬಂದವು. ಏಳರಲ್ಲೂ ಎರಡು ಕೆನ್ನೆಯೂ ನುಣ್ಣಗೆ, ಒಂದು ಚುಕ್ಕೆ ಇಲ್ಲ. ಮಗುವನ್ನೆತ್ತಿಕೊಂಡ ಫೋಟೋದಲ್ಲಿಲ್ಲ, ಹೊಸ ಮನೆಯ ಮುಂದೆ ನಿಂತದ್ದರಲ್ಲಿಲ್ಲ. ಸತ್ತ ಮೇಲೆ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದರಲ್ಲೂ ಇಲ್ಲ. ಸತ್ತವಳನ್ನೂ ಬಿಡಲಿಲ್ಲವಲ್ಲ ಈ ಮನುಷ್ಯ ಎಂದುಕೊಂಡಳು ಮಗಳು.

ಅವಳಿಗೆ ಅಮ್ಮನ ಮೇಲೆ ಒಂದು ದೂರಿತ್ತು, ಯಾರ ಹತ್ತಿರವೂ ಹೇಳದ ದೂರು. ಅಮ್ಮ ಅವಳೊಂದಿಗೆ ಮುಖ ಕೊಟ್ಟು ಮಾತಾಡಿದ್ದೇ ಇಲ್ಲ. ತರಕಾರಿ ಹೆಚ್ಚುತ್ತ ಗೋಡೆಯ ಕಡೆ ನೋಡಿಕೊಂಡು "ಊಟ ಮಾಡಿದ್ಯಾ" ಅನ್ನುತ್ತಿದ್ದಳು. ಶಾಲೆಯ ಗೇಟಿನಲ್ಲಿ ಓರೆಯಾಗಿ ನಿಂತಿರುತ್ತಿದ್ದಳು, ಬೇರೆ ಯಾರನ್ನೋ ಕಾಯುತ್ತಿರುವವಳ ಹಾಗೆ. ತಲೆ ಬಾಚುವಾಗ ಹಿಂದೆ, ಮಲಗುವಾಗ ಪಕ್ಕಕ್ಕೆ. ಅವಳ ಒಂಬತ್ತನೆಯ ವಯಸ್ಸಿಗೆ ಮೂರು ದಿನದ ಜ್ವರದಲ್ಲಿ ಅಮ್ಮ ಹೋದಳು, ಆಗಲೂ ಆಸ್ಪತ್ರೆಯ ದಿಂಬಿನ ಮೇಲೆ ಮುಖ ಆ ಕಡೆಗೇ ಇತ್ತು. ಪ್ರೀತಿ ಇಲ್ಲದ ತಾಯಿ ಅಂತ ಕೆಲವು ವರ್ಷ ಅಂದುಕೊಂಡಿದ್ದಳು. ಬುದ್ಧಿ ಬಂದ ಮೇಲೆ ಗೊತ್ತಾಯಿತು, ಎಲ್ಲ ಅಪ್ಪನ ಮದುವೆ ಕತೆಯ ಪ್ರಸಾದ. ನಾಲ್ಕು ಜನರ ಮುಂದೆ ನಗೆಪಾಟಲಾದ ಮುಖವನ್ನು ಯಾವ ಹೆಂಗಸು ತಾನೇ ಎತ್ತಿಯಾಳು?

ಆದ್ದರಿಂದ ಈ ಚಿತ್ರದಲ್ಲಿ ಅಮ್ಮ ನೇರವಾಗಿ ನೋಡಬೇಕು. ಮಚ್ಚೆ ಸಮೇತ, ಪೂರಾ ಮುಖ ಕೊಟ್ಟು, ಒಂದು ಸಲ ತನ್ನನ್ನು ನೋಡಬೇಕು. ಅಷ್ಟಾದರೆ ಸಾಕು, ಆಮೇಲೆ ಬೇಕಾದರೆ ಕುಂಚ ಮುರಿದು ಒಲೆಗೆ ಹಾಕಿಯೇನು ಅಂದುಕೊಂಡಳು.

ಅಂದುಕೊಂಡು ಇದ್ದಿಲು ಹಿಡಿದು ಹಣೆ ಬರೆದಳು, ಹುಬ್ಬು ಬರೆದಳು, ಮೂಗು, ತುಟಿ, ಗದ್ದ ಬರೆದಳು. ಮಚ್ಚೆಗೆ ಬಂದಾಗ ಕೈ ನಿಂತಿತು. ಯಾವ ಕೆನ್ನೆ? ಬಲವೋ, ಎಡವೋ? ಕಣ್ಣು ಮುಚ್ಚಿ ನೆನಪಿಸಿಕೊಂಡರೆ ಕಾಣುವುದು ಕಿವಿಯ ಹಿಂದೆ ಸಿಕ್ಕಿಸಿದ ಕೂದಲು, ಕತ್ತಿನ ಬೆವರು, ನುಣುಪಾದ ಒಂದು ಕೆನ್ನೆ. ಇನ್ನೊಂದು ಕಾಣುವುದೇ ಇಲ್ಲ. ಹೆತ್ತ ತಾಯಿಯ ಮುಖ ಅರ್ಧಕ್ಕರ್ಧ ಗೊತ್ತಿಲ್ಲ ಅಂದರೆ ಯಾರಾದರೂ ನಂಬುತ್ತಾರೆಯೇ? ಎರಡು ಭಾನುವಾರ ಹಾಗೇ ಹೋದವು. ಮೂರನೆಯ ಭಾನುವಾರ, ಬಾಯಿಗೆ ಬೇವು ಹಾಕಿಕೊಂಡ ಮುಖ ಮಾಡಿಕೊಂಡು, ಹಿಂದಿನ ಕೋಣೆಗೆ ಹೋದಳು.

ಅಪ್ಪ ಕಿಟಕಿಯ ಬಳಿ ಕೂತು ರೇಡಿಯೋ ತಿರುಗಿಸುತ್ತಿದ್ದರು.

"ಅಪ್ಪ, ಅಮ್ಮನ ಮಚ್ಚೆ ಯಾವ ಕೆನ್ನೆ ಮೇಲಿತ್ತು?"

ರೇಡಿಯೋ ನಿಂತಿತು. "ಯಾಕೆ?"

"ಬರೀತಿದೀನಿ."

"ಮಚ್ಚೆ ಯಾಕೆ ಬರೀತೀಯ? ಮುಖ ಚೆನ್ನಾಗಿತ್ತು. ಮುಖ ಬರಿ."

"ಯಾವ ಕೆನ್ನೆ ಅಂತ ಕೇಳಿದೆ."

"ಎಡಗೆನ್ನೆ," ಅಂದರು ಅಪ್ಪ. ಒಂದು ಕ್ಷಣವೂ ತಡೆಯಲಿಲ್ಲ. "ಕಣ್ಣಿಂದ ಎರಡು ಬೆರಳು ಕೆಳಗೆ, ಕಿವಿ ಕಡೆ ಸ್ವಲ್ಪ ವಾಲಿಕೊಂಡು. ಕೆಳಗಡೆ ಒಂದು ಸಣ್ಣ ಬಾಲ ಇತ್ತು. ಅಲ್ಲೇ ಕಷ್ಟ ಆಗ್ತಿದ್ದದ್ದು."

"ಬಣ್ಣ?"

ಇದಕ್ಕೆ ಅಪ್ಪ ಸ್ವಲ್ಪ ಯೋಚಿಸಿದರು. "ತೆಳು. ಬಿಳಿಚಿಕೊಂಡ ಹಾಗೆ. ಸುತ್ತಲಿನ ಬಣ್ಣಕ್ಕಿಂತ ತಿಳಿ."

ಇಷ್ಟು ಕರಾರುವಾಕ್ಕಾಗಿ ಹೇಳಿದ ಮೇಲೆ ಅನುಮಾನ ಪಡುವುದೇನಿದೆ? ಮಗಳು ವಾಪಸು ಬಂದು, ಎಡಗೆನ್ನೆಯ ಮೇಲೆ, ಕಣ್ಣಿನಿಂದ ಎರಡು ಬೆರಳು ಕೆಳಗೆ, ತಿಳಿಬಣ್ಣದ ಮಚ್ಚೆ ಬರೆದಳು. ಸಣ್ಣ ಬಾಲವನ್ನೂ ಬರೆದಳು. ಬರೆದು ಹಿಂದೆ ಸರಿದು ನೋಡಿದರೆ ಕ್ಯಾನ್ವಾಸಿನಲ್ಲಿ ಯಾರೋ ಹೆಂಗಸು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ತನ್ನ ನಿಲ್ದಾಣ ಬಂದಾಗ ಇಳಿದುಹೋಗುವಂಥ ಹೆಂಗಸು. ಹುಬ್ಬು ತಿದ್ದಿದಳು, ತುಟಿ ತಿದ್ದಿದಳು. ಊಹೂಂ. ಕಣ್ಣೆಲ್ಲ ಸರಿಯಿದೆ, ಮೂಗೆಲ್ಲ ಸರಿಯಿದೆ, ಅಮ್ಮ ಮಾತ್ರ ಇಲ್ಲ.

ಕೊನೆಗೆ ಚಿಕ್ಕಮ್ಮನಿಗೆ ಫೋನು ಮಾಡಿದಳು. ಅಮ್ಮನ ಬೆನ್ನಿಗೆ ಹುಟ್ಟಿದ ತಂಗಿ, ಬೇರೆ ಊರಿನಲ್ಲಿದ್ದಾಳೆ. ಅಕ್ಕ ಸತ್ತ ದಿನ ಭಾವನ ಮನೆಯ ಹೊಸ್ತಿಲು ದಾಟಿ ಹೋದವಳು ಮೂವತ್ತೇಳು ವರ್ಷ ಮತ್ತೆ ಮೆಟ್ಟಿಲ್ಲ. "ಮಚ್ಚೆ ಮುಚ್ಚಿದ ಫೋಟೋ ತೋರಿಸಿದ್ರು ಅಂತ ನಮ್ಮಪ್ಪನ್ನ ಮೋಸಗಾರ ಅಂದವನ ಮನೇಲಿ ನಾನು ನೀರೂ ಕುಡಿಯಲ್ಲ" ಅಂದಿದ್ದಳಂತೆ, ಅಂದಂತೆ ನಡೆದುಕೊಂಡಿದ್ದಳು. ವರ್ಷಕ್ಕೆ ಒಂದೆರಡು ಸಲ ಅಕ್ಕನ ಮಗಳ ಜೊತೆ ಫೋನಿನಲ್ಲಿ ಮಾತು, ಅದೂ ಮಂಡಿನೋವಿನ ವಿಚಾರ.

"ಯಾವ ಕೆನ್ನೆಯಾ? ಇದೂ ಕೇಳೋ ಮಾತೇನೇ?" ಅಂದಳು ಚಿಕ್ಕಮ್ಮ. "ಬಲಗೆನ್ನೆ. ಕಪ್ಪು ದ್ರಾಕ್ಷಿ ಹಿಸುಕಿಟ್ಟ ಹಾಗಿತ್ತು. ನಾನು ಚಿಕ್ಕವಳಿದ್ದಾಗ ದಿನಾ ಅದರ ಮೇಲೆ ಮುತ್ತು ಕೊಡ್ತಿದ್ದೆ, ಸಿಹಿ ಇರತ್ತೆ ಅಂತ ನಂಬ್ಕೊಂಡು. ಎಡ ಅಂತ ಯಾರಂದ್ರು?"

"ಅಪ್ಪ."

"ಅಪ್ಪ ಅಂದ್ರಾ," ಅಂದಳು ಚಿಕ್ಕಮ್ಮ. "ಹನ್ನೊಂದು ವರ್ಷ ಸಂಸಾರ ಮಾಡಿದವರು. ಅವರಿಗೆ ಗೊತ್ತಿಲ್ಲದೆ ಇರತ್ತಾ? ವಯಸ್ಸಾಯ್ತು, ಅರಳು ಮರಳು ಬಿಡು."

ಫೋನು ಇಟ್ಟ ಮೇಲೆ ಮಗಳು ಅಲ್ಲೇ ನಿಂತಳು. ಅರಳು ಮರಳಲ್ಲ. ಅರಳು ಮರಳಿನವರು ತಡವರಿಸುತ್ತಾರೆ, ಅಪ್ಪ ತಡವರಿಸಲಿಲ್ಲ. ಎರಡು ಬೆರಳು ಕೆಳಗೆ ಅಂದರು, ಬಾಲ ಇತ್ತು ಅಂದರು. ಎಲ್ಲ ಗೊತ್ತು, ಆದರೆ ಬಲ ಇದ್ದದ್ದು ಎಡ, ಕಪ್ಪು ಇದ್ದದ್ದು ಬಿಳಿ.

ಆಮೇಲೆ ಹೊಳೆಯಿತು. ಅಮ್ಮ ಹೋದ ಮೇಲೆ ಅವಳು ಶಾಲೆ ಬಿಟ್ಟು ನೇರ ಸ್ಟುಡಿಯೋದ ಹಿಂದಿನ ಕೋಣೆಗೆ ಬಂದು, ಅಪ್ಪನ ಮೇಜಿನ ಕೆಳಗೆ ಕೂತು ಲೆಕ್ಕ ಮಾಡಿ ಬೆಳೆದವಳು. ನೆಗೆಟಿವ್‌ಗೆ ಎರಡು ಮೈ. ಒಂದು ಹೊಳೆಯುವ ಮೈ, ಅದರ ಮೇಲೆ ಪೆನ್ಸಿಲ್ ಜಾರುತ್ತದೆ. ಇನ್ನೊಂದು ಮಂಕು ಮೈ, ಪೆನ್ಸಿಲ್ ಹಿಡಿಯುವುದು ಅದರ ಮೇಲೆ ಮಾತ್ರ. ಮಂಕು ಮೈಯನ್ನು ಮೇಲೆ ಮಾಡಿ ದೀಪದ ಪೆಟ್ಟಿಗೆಯ ಮೇಲಿಟ್ಟರೆ ಮುಖ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಳ್ಳುತ್ತದೆ. ಬಲಗೆನ್ನೆ ಎಡಕ್ಕೆ ಬರುತ್ತದೆ, ಕಪ್ಪು ಮಚ್ಚೆ ಬೆಳ್ಳಗೆ ಕಾಣುತ್ತದೆ. ಫೋಟೋ ಅಚ್ಚಾದಾಗ ಎಲ್ಲ ತಮ್ಮ ತಮ್ಮ ಜಾಗಕ್ಕೆ ಮರಳುತ್ತವೆ, ಆದರೆ ಆಗ ಮಚ್ಚೆಯೇ ಇರುವುದಿಲ್ಲ.

ಅಂದರೆ ಆ ಮನುಷ್ಯ ಹೆಂಡತಿಯ ಮಚ್ಚೆಯನ್ನು ಕಣ್ಣಿಟ್ಟು ನೋಡಿದ್ದು ದೀಪದ ಪೆಟ್ಟಿಗೆಯ ಮೇಲೆ ಮಾತ್ರ. ಹನ್ನೊಂದು ವರ್ಷ ಒಂದೇ ಸೂರು, ಒಂದೇ ಹಾಸಿಗೆ, ದಿನಕ್ಕೆ ಮೂರು ಹೊತ್ತು ಎದುರು ಬಂದು ನಿಂತು ಬಡಿಸಿದ ಮುಖ. ಅದರ ಮೇಲೆ ಅವರ ಕಣ್ಣು ನಿಲ್ಲಲೇ ಇಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಈತನಿಗೆ ಬೇಕಾಗಿತ್ತು.

ಅವಳು ಹಿಂದಿನ ಕೋಣೆಗೆ ಹೋದಳು. ಹೋಗುವಾಗ ಚಪ್ಪಲಿ ಕಾಲಿಗೆ ತೊಡರಿತು, ಅದನ್ನು ಒದ್ದಳು.

"ಅಪ್ಪ, ಮಚ್ಚೆ ಇದ್ದದ್ದು ಬಲಗೆನ್ನೆ ಮೇಲಂತೆ. ಕಪ್ಪಗಿತ್ತಂತೆ."

"ಯಾರು ಹೇಳಿದ್ದು?"

"ಚಿಕ್ಕಮ್ಮ."

"ಅವಳಿಗೇನು ಗೊತ್ತು? ನನ್ನ ಕೈಗೆ ಗೊತ್ತು. ಎಷ್ಟು ಸಲ ಮುಚ್ಚಿದೀನಿ."

"ಅದನ್ನೇ ನಾನೂ ಹೇಳ್ತಿರೋದು. ನಿಮ್ಮ ಕೈಗೆ ಗೊತ್ತು. ಕಣ್ಣಿಗೆ ಗೊತ್ತಿಲ್ಲ."

ಅಪ್ಪನಿಗೆ ಅರ್ಥವಾಗಲಿಲ್ಲ. ಮಂಜುಗಣ್ಣನ್ನು ಇವಳ ಕಡೆ ಎತ್ತಿ, ಬಲಗೈಯ ಮೂರು ಬೆರಳು ಸೇರಿಸಿ ಗಾಳಿಯಲ್ಲಿ ಪೆನ್ಸಿಲ್ ಹಿಡಿದರು. ಇಲ್ಲದ ದೀಪದ ಪೆಟ್ಟಿಗೆಯ ಮೇಲೆ, ಇಲ್ಲದ ನೆಗೆಟಿವ್ ಮೇಲೆ, ಸಣ್ಣ ಸಣ್ಣ ಗೀಟು ಎಳೆದರು. ಕೈ ತಾನಾಗಿ ಒಂದು ಪಕ್ಕಕ್ಕೆ ಹೋಗಿ ಅಲ್ಲೇ ಆಡಿತು. ಆಮೇಲೆ ನಿಧಾನವಾಯಿತು. ಅಪ್ಪ ಎರಡು ಕೈಯಿಂದಲೂ ಆ ಇಲ್ಲದ ನೆಗೆಟಿವ್ ಅನ್ನು ಎತ್ತಿ, ಮಗುಚಿ ಹಾಕಿದರು. ಹಾಕಿ ಹಾಗೇ ಕೂತರು.

"ಮಂಕು ಮೈ," ಅಂದರು.

ಅಲ್ಲಿಗೆ ಬಿಡಬಹುದಿತ್ತು. ಮಗಳು ಬಿಡಲಿಲ್ಲ. ಮೂವತ್ತೇಳು ವರ್ಷ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು, ಬಿಡು ಅಂದರೆ ಬಿಡುತ್ತದೆಯೇ?

"ಹನ್ನೊಂದು ವರ್ಷ. ಒಂದು ದಿನ, ಒಂದೇ ಒಂದು ದಿನ ಅವಳ ಮುಖ ನೋಡ್ಲಿಲ್ಲ ನೀವು. ಅದರ ಬದಲು ಊರಿಗೆಲ್ಲ ಅದನ್ನ ಕತೆ ಮಾಡಿ ಹಂಚಿದ್ರಿ. ಅವಳೇ ಚಹಾ ಮಾಡಿ ತರಬೇಕು, ಅವಳ ಮುಖ ನೋಡಿ ಎಲ್ಲರೂ ನಗಬೇಕು. ನನ್ನನ್ನೂ ತೊಡೆ ಮೇಲೆ ಕೂರಿಸ್ಕೊಂಡು ನಗಿಸಿದ್ರಿ. ಹೆತ್ತ ಮಗಳ ಮುಂದೂ ಅವಳು ಮುಖ ಎತ್ತದ ಹಾಗೆ ಮಾಡಿದ್ರಿ. ಅಮ್ಮ ನನಗೆ ಮುಖ ಕೊಟ್ಟು ಒಂದು ಮಾತಾಡ್ಲಿಲ್ಲ ಅಪ್ಪ. ಸಾಯೋವಾಗಲೂ ಇಲ್ಲ. ಅದಕ್ಕೆ ನೀವೇ ಕಾರಣ, ಬೇರೆ ಯಾರೂ ಅಲ್ಲ."

ಅಪ್ಪ ಏನೋ ಹೇಳಲು ಬಾಯಿ ತೆರೆದರು.

"ಏನು? ಹೇಳಿ. ಅದಕ್ಕೂ ಒಂದು ಹಾಸ್ಯ ಇದ್ರೆ ಹೇಳಿ, ನಗೋಣ."

"ಏನಿಲ್ಲ," ಅಂದರು ಅಪ್ಪ. ರೇಡಿಯೋವನ್ನು ಪಕ್ಕಕ್ಕೆ ಸರಿಸಿ, "ನೀನು ಹೇಳಿದ್ದು ಸರಿ" ಅಂದರು.

ಆ ರಾತ್ರಿ ಅವರು ಊಟ ಮಾಡಲಿಲ್ಲ. ಮಗಳು ಎರಡು ಸಲ ಕರೆದಳು, ಮೂರನೆಯ ಸಲ ಕರೆಯಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಎದೆಯ ಮೇಲಿನ ಚಪ್ಪಡಿಯನ್ನು ಎತ್ತಿ ಇನ್ನೊಬ್ಬರ ಎದೆಯ ಮೇಲಿಟ್ಟರೆ ಹಗುರವಾಗದೆ ಇನ್ನೇನಾಗುತ್ತದೆ.

ಮಾರನೆಯ ದಿನ ಶಾಲೆಗೆ ರಜ ಹಾಕಿ, ಎಡಗೆನ್ನೆಯ ಬಣ್ಣವನ್ನು ಚೂರಿಯಿಂದ ಕೆರೆದು ತೆಗೆದಳು. ಬಲಗೆನ್ನೆಯ ಮೇಲೆ ಕಪ್ಪು ದ್ರಾಕ್ಷಿಯ ಬಣ್ಣ ಕಲಸಿ ಇಟ್ಟಳು, ಅಂಚನ್ನು ಬೆರಳಿನಿಂದ ಒರೆಸಿದಳು, ಬಾಲ ಎಳೆದಳು. ಅಷ್ಟೇ ಸಾಕಾಯಿತು. ಹುಬ್ಬು ಮುಟ್ಟಲಿಲ್ಲ, ತುಟಿ ಮುಟ್ಟಲಿಲ್ಲ, ಅಮ್ಮ ಬಂದುಬಿಟ್ಟಳು. ಎಷ್ಟು ಚಿಕ್ಕವಳು ಅಮ್ಮ! ತನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಸಣ್ಣವಳು. ಎರಡು ಕಣ್ಣೂ ನೆಟ್ಟಗೆ ಇವಳನ್ನೇ ನೋಡುತ್ತಿದ್ದವು. ಮಗಳು ಕುಂಚ ಕೆಳಗಿಟ್ಟು ಅತ್ತಳು, ಮಕ್ಕಳ ಹಾಗೆ ಮೂಗು ಸೊರಗುಟ್ಟಿಸುತ್ತ ಅತ್ತಳು. ಮತ್ತೆ ಚಿಕ್ಕಮ್ಮನಿಗೆ ಫೋನು ಮಾಡಿದಳು. "ಬಂದು ನೋಡು ಚಿಕ್ಕಮ್ಮ. ನೀರು ಕುಡೀಬೇಡ ಬೇಕಾದ್ರೆ. ನೋಡಿ ಹೋಗು."

ಚಿಕ್ಕಮ್ಮ ಮುಂದಿನ ಭಾನುವಾರ ಬಂದಳು. ಬಸ್ಸು ಇಳಿದು, ಮೂರು ಕಡೆ ಕೂತು, ಮಂಡಿಗೆ ಶಾಪ ಹಾಕುತ್ತ ಬಂದಳು. ಬಾಗಿಲಲ್ಲಿ ಧ್ವನಿ ತಗ್ಗಿಸಿ, "ಭಾವ ಇದಾರಾ?" ಅಂದಳು. ಹಿಂದಿನ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಇದ್ದಾರೆ ಎಂದು ಮಗಳು ಕಣ್ಣಿನಲ್ಲೇ ಹೇಳಿ, ಚಿತ್ರದ ಮೇಲಿನ ಬಟ್ಟೆ ತೆಗೆದಳು.

ಚಿಕ್ಕಮ್ಮ ನಿಂತೇ ಇದ್ದಳು. ಮಂಡಿನೋವು ಮರೆತುಹೋಯಿತೇನೋ. "ಅಕ್ಕಾ," ಅಂದಳು, ಎದುರಿಗೇ ಇದ್ದವಳನ್ನು ಕರೆದ ಹಾಗೆ. ಆಮೇಲೆ ಹತ್ತಿರ ಹೋಗಿ, ಇನ್ನೂ ಹಸಿಯಿದ್ದ ಬಣ್ಣಕ್ಕೆ ಬೆರಳು ತಾಗಿಸದೆ, ಮಚ್ಚೆಯ ಸುತ್ತ ಗಾಳಿಯಲ್ಲೇ ಒಂದು ಸುತ್ತು ಬರೆದಳು.

"ಇದೇ. ಇದೇ ಜಾಗ. ಎಷ್ಟು ಚೆನ್ನಾಗಿ ಬರೆದಿದೀಯೇ. ನಿಜ ಹೇಳ್ಲಾ, ನೀನು ಈ ಮಚ್ಚೆ ಬರೀತೀಯ ಅಂತ ನಾನು ಕನಸಲ್ಲೂ ಅಂದ್ಕೊಂಡಿರಲಿಲ್ಲ. ಇದು ಕಂಡ್ರೆ ನಿನಗೆ ಆಗ್ತಿರಲಿಲ್ಲ ನೋಡು."

"ನನಗಾ?"

"ಹ್ಞೂಂ ಮತ್ತೆ. ಆಗಿನ್ನೂ ಐದು ವರ್ಷ ನಿನಗೆ, ನೆನಪಿರಲ್ಲ ಬಿಡು. ಸ್ಕೂಲಿಗೆ ಸೇರಿಸಿದ್ದ ಹೊಸತು. ಯಾವುದೋ ಹುಡುಗಿ ನಿಮ್ಮಮ್ಮನ ಮುಖಕ್ಕೆ ಇಂಕು ಚೆಲ್ಲಿದೆ ಅಂದ್ಳಂತೆ. ಬೆಳಿಗ್ಗೆ ಹೊರಡೋವಾಗ ನೀನು ಅಕ್ಕನಿಗೆ ಹೇಳಿದ್ಯಂತೆ, ನೀನು ಗೇಟಿಗೆ ಬರಬೇಡ, ಬಂದ್ರೂ ಆ ಕಡೆ ತಿರುಗಿ ನಿಲ್ಲು, ನನಗೂ ಅದನ್ನ ತೋರಿಸ್ಬೇಡ, ಅಂತ." ಚಿಕ್ಕಮ್ಮ ಸೀರಿಯಸ್ಸಾಗಿ ಹೇಳುತ್ತಿರಲಿಲ್ಲ. ಮಕ್ಕಳ ತುಂಟತನ ಹೇಳುವಾಗ ಹೇಳುವ ಹಾಗೆ, ನಗುತ್ತಲೇ ಹೇಳುತ್ತಿದ್ದಳು. "ಅವತ್ತಿಂದ ನಿನ್ನ ಮುಂದೆ ಆ ಕೆನ್ನೆ ತಿರುಗಿಸಲೇ ಇಲ್ಲ ಅವಳು. ನಾನು ಬಂದಾಗ ಬೈದೆ, ಮಗು ಏನೋ ಅಂತು ಅಂತ ಹೀಗಾ ಅಂದೆ. ಊರವರು ನಗಲಿ, ಗಂಡ ನಗಲಿ, ಅದೆಲ್ಲ ನನಗೆ ಅಭ್ಯಾಸ ಆಗಿದೆ ಕಣೇ ಅಂದ್ಳು. ಮಗೂಗೆ ನನ್ನ ನೋಡಿ ಹೇಸಿಗೆ ಆಗಬಾರದು ಅಂದ್ಳು."

ಮಗಳು ಕೈಯಲ್ಲಿದ್ದ ಬಟ್ಟೆಯನ್ನು ಮಡಚತೊಡಗಿದಳು.

"ಅಯ್ಯೋ, ಯಾಕೆ ಹೀಗೆ ಮುಖ ಮಾಡ್ತೀಯ? ಮಕ್ಕಳು ಏನೇನೋ ಅಂತಾವೆ. ಅದನ್ನೆಲ್ಲ ತಲೆಗೆ ಹಚ್ಕೊಂಡ್ರೆ ಆಗತ್ತಾ?" ಚಿಕ್ಕಮ್ಮನಿಗೆ ತಾನು ಹೇಳಬಾರದ್ದನ್ನು ಹೇಳಿದೆನೇನೋ ಅನ್ನಿಸಿ ಗಾಬರಿಯಾಯಿತು. ಗಾಬರಿಯಲ್ಲಿ ಅದೂ ಇದೂ ಮಾತಾಡಿದಳು, ಬಸ್ಸಿನ ಕಂಡಕ್ಟರನ ಸುದ್ದಿ ಹೇಳಿದಳು, ಮಂಡಿಯ ಡಾಕ್ಟರನ ಸುದ್ದಿ ಹೇಳಿದಳು. ಕೊನೆಗೆ ನೀರನ್ನೂ ಕೇಳಿ ಕುಡಿದಳು. ನಾಲ್ಕು ಗಂಟೆಯ ಬಸ್ಸಿಗೆ ಹೊರಟುಹೋದಳು.

ಅವಳನ್ನು ಬಸ್ಸು ಹತ್ತಿಸಿ ಬಂದ ಮಗಳು ಚಪ್ಪಲಿ ಬಿಟ್ಟು ನೇರ ಹಿಂದಿನ ಕೋಣೆಗೆ ಹೋದಳು. ಅಪ್ಪ ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಅರ್ಧ ಮುಚ್ಚಿದ ಬಾಗಿಲು, ಹತ್ತು ಹೆಜ್ಜೆ ದೂರ, ಚಿಕ್ಕಮ್ಮನ ಕಂಠ. ಕೇಳಿಸದೆ ಇರುವ ಮಾತೇ ಇಲ್ಲ.

"ನಿಮಗೆ ಗೊತ್ತಿತ್ತಾ?"

"ಅಲ್ಲೇ ಇದ್ದೆ," ಅಂದರು ಅಪ್ಪ. "ನಿನ್ನ ಬೂಟಿನ ಲೇಸು ಕಟ್ತಿದ್ದೆ."

ನಗೆಯ ಮಾತು ಒಂದನ್ನೂ ಬಿಡದ ಮನುಷ್ಯ, ಮದುವೆ ಕತೆಯನ್ನು ಸಾವಿರ ಸಲ ಹೇಳಿದ ಮನುಷ್ಯ, ಇದನ್ನು ಒಂದು ಸಲ ಯಾರ ಮುಂದೆಯೂ ಆಡಿರಲಿಲ್ಲ. ಆಡಿದ್ದರೆ ಇವಳಿಗೆ ಎಂದೋ ಗೊತ್ತಾಗಿರುತ್ತಿತ್ತು, ಎಲ್ಲರ ಜೊತೆ ಸೇರಿ ನಕ್ಕು ಮರೆತೂ ಬಿಟ್ಟಿರುತ್ತಿದ್ದಳು.

"ಅವತ್ತು ಅಷ್ಟು ಕೂಗಾಡಿದ್ನಲ್ಲ ನಾನು. ನೀವೇ ಕಾರಣ, ಬೇರೆ ಯಾರೂ ಅಲ್ಲ ಅಂದ್ನಲ್ಲ. ಬಾಯಿ ತೆರೆದ್ರಿ. ಯಾಕೆ ಹೇಳ್ಲಿಲ್ಲ?"

"ಏನಂತ ಹೇಳಲಿ? ನೀನು ಮಗು." ಅಪ್ಪ ಹಾಸಿಗೆಯ ಮೇಲೆ ಕೈಯಾಡಿಸಿ, ಇಲ್ಲದ ಸುಕ್ಕೊಂದನ್ನು ನೇರ ಮಾಡಿದರು. "ನಾನು ಮಗು ಆಗಿರಲಿಲ್ಲ."

ಅವರು ಬೈಯಬೇಕಿತ್ತು. ನೀನೂ ಕಮ್ಮಿಯೇನಲ್ಲ, ನಿನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕುತ್ತೀಯ ಅನ್ನಬೇಕಿತ್ತು. ಅಂದಿದ್ದರೆ ಅವಳೂ ನಾಲ್ಕು ಅನ್ನುತ್ತಿದ್ದಳು, ಜಗಳವಾಗುತ್ತಿತ್ತು, ಹಳೆಯ ಸಿಟ್ಟು ಹಳೆಯ ಜಾಗದಲ್ಲೇ ಇರುತ್ತಿತ್ತು. ಅದನ್ನೂ ಈ ಮುದುಕ ಕಿತ್ತುಕೊಂಡರು. ಅವರ ಮೇಲೆ ಅವಳಿಗೆ ಕರುಣೆ ಬರಲಿಲ್ಲ. ಸಿಟ್ಟನ್ನು ಇನ್ನು ಎಲ್ಲಿಡುವುದು ಎಂದು ಗೊತ್ತಾಗಲಿಲ್ಲ, ಅಷ್ಟೇ.

ಮುಂದಿನ ಕೋಣೆಗೆ ಬಂದಳು. ಚಿಕ್ಕಮ್ಮ ನೋಡಿದ ಮೇಲೆ ಚಿತ್ರಕ್ಕೆ ಮತ್ತೆ ಬಟ್ಟೆ ಹಾಕಲು ಮರೆತಿದ್ದಳು. ಅಮ್ಮ ಎರಡು ಕಣ್ಣು ಬಿಟ್ಟು, ಮಚ್ಚೆಯನ್ನು ಬೆಳಕಿಗೆ ಹಿಡಿದು, ನೆಟ್ಟಗೆ ನೋಡುತ್ತಿದ್ದಳು. ಮಗಳು ಎಡಕ್ಕೆ ಸರಿದಳು, ನೋಟ ಬಂತು. ಬಲಕ್ಕೆ ಸರಿದಳು, ಅಲ್ಲಿಗೂ ಬಂತು. ನೇರ ನೋಡುವ ಹಾಗೆ ಬರೆದ ಕಣ್ಣುಗಳೇ ಹಾಗೆ, ಅದನ್ನು ಅವಳೇ ವರ್ಷ ವರ್ಷವೂ ಮಕ್ಕಳಿಗೆ ಹೇಳಿಕೊಡುತ್ತಾಳೆ.

ತಡೆಯಲಾಗದೆ ಕ್ಯಾನ್ವಾಸನ್ನು ಗೋಡೆಯ ಕಡೆ ತಿರುಗಿಸಿಡಲು ಕೈ ಚಾಚಿದಳು. ಚೌಕಟ್ಟು ಹಿಡಿದು ಅರ್ಧ ತಿರುಗಿಸಿಯೂ ಬಿಟ್ಟಳು. ಅಮ್ಮನ ಮುಖ ಓರೆಯಾಯಿತು. ಆಗ ತಾನು ಮಾಡುತ್ತಿರುವುದು ಏನೆಂದು ಅವಳಿಗೆ ತಿಳಿಯಿತು. ಐದನೆಯ ವರ್ಷಕ್ಕೆ ಬಾಯಲ್ಲಿ ಹೇಳಿದ್ದನ್ನು ನಲವತ್ತಾರನೆಯ ವರ್ಷಕ್ಕೆ ಕೈಯಲ್ಲಿ ಮಾಡುತ್ತಿದ್ದಳು.

ಚಿತ್ರವನ್ನು ಮತ್ತೆ ಇದ್ದ ಹಾಗೆ ನಿಲ್ಲಿಸಿದಳು. ಕುರ್ಚಿ ಎಳೆದುಕೊಂಡು ಅಮ್ಮನ ಎದುರಿಗೇ ಕೂತಳು. ಕತ್ತಲಾಗಿ, ಒಳಗಿನಿಂದ ಅಪ್ಪ ಮಾತ್ರೆಗೆ ನೀರು ಕೇಳುವವರೆಗೂ ಕೂತಿದ್ದಳು. ತಲೆ ಎತ್ತಲು ಮಾತ್ರ ಆಗಲಿಲ್ಲ.